ಗ್ರಾಹಕರ ವೇಷದಲ್ಲಿ ಸಂಪಾದನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಕ್ಕಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನ ಮೂರರವರೆಗೆ ನನಗೆ ಬಿಡುವು. ಅಂಗಡಿಗೆ ಗಿರಾಕಿಯಂತೆ ಹೋಗಿ ವರದಿ ಬರೆದುಕೊಡುವ ಮಿಸ್ಟರಿ ಶಾಪಿಂಗ್ ಕೆಲಸ ಬೆಂಗಳೂರಿನಲ್ಲಿ ಸಿಗುತ್ತದೆಯೇ? ಎಷ್ಟು ಗಿಟ್ಟುತ್ತದೆ?
– ಓದುಗರು, ರಾಜಾಜಿನಗರ

ಉತ್ತರ: ಸಿಗುತ್ತದೆ. ಬಟ್ಟೆ ಮಳಿಗೆ, ಮೊಬೈಲ್ ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕ್, ಕಾರ್ ಷೋರೂಮ್, ಬ್ಯಾಂಕ್ ಶಾಖೆ, ಹೀಗೆ ಎಲ್ಲ ಕಡೆಯೂ ಕೆಲಸವಿರುತ್ತದೆ. ಆದರೆ ಅಂಗಡಿಯವರು ನಿಮ್ಮನ್ನು ನೇರವಾಗಿ ಗೊತ್ತು ಮಾಡುವುದಿಲ್ಲ, ನಡುವೆ ಏಜೆನ್ಸಿ ಇರುತ್ತದೆ. ಎಂಎಸ್‌ಪಿಎ ಎಂಬ ಅಂತರರಾಷ್ಟ್ರೀಯ ಸಂಘದ ಜಾಲತಾಣದಲ್ಲಿ ಸದಸ್ಯ ಏಜೆನ್ಸಿಗಳ ಪಟ್ಟಿಯಿದೆ. ಅಲ್ಲಿಂದ ಮೂರು ನಾಲ್ಕನ್ನು ಆರಿಸಿ, ಅವುಗಳ ಸ್ವಂತ ಜಾಲತಾಣದಲ್ಲೇ ಹೆಸರು ನೋಂದಾಯಿಸಿ. ಇದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ.

ಅರ್ಜಿಯಲ್ಲಿ ಪಿನ್‌ಕೋಡ್, ವಯಸ್ಸು, ವಾಹನ, ಕನ್ನಡಕ ಇದೆಯೇ ಎಂಬುದನ್ನೆಲ್ಲ ಬಿಡದೆ ತುಂಬಿ. ಕನ್ನಡಕದಂಗಡಿಯ ಕೆಲಸ ಕನ್ನಡಕ ಹಾಕುವವರಿಗೇ ಹೋಗುತ್ತದೆ. ಟೆಸ್ಟ್ ಡ್ರೈವ್ ಇರುವ ಕಡೆ ಡಿಎಲ್ ಬೇಕು. ಪ್ಯಾನ್, ಬ್ಯಾಂಕ್ ಖಾತೆ ವಿವರವನ್ನೂ ಕೇಳುತ್ತಾರೆ. ಒಟಿಪಿ, ಯುಪಿಐ ಪಿನ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಗಿಟ್ಟುವುದು ಎಷ್ಟೆಂದು ಒಪ್ಪಿಕೊಳ್ಳುವ ಮೊದಲೇ ಲೆಕ್ಕ ಹಾಕಿ. ಒಂದು ಕೆಲಸಕ್ಕೆ 400 ರೂಪಾಯಿ ಸಂಭಾವನೆ, 300 ರೂಪಾಯಿವರೆಗಿನ ಬಿಲ್ ವಾಪಸ್ ಎಂದುಕೊಳ್ಳಿ. ನಿಮ್ಮ ಬಿಲ್ 360 ಆದರೆ 60 ನಿಮ್ಮ ಕೈಯಿಂದ. ಹೋಗಿಬರುವ ಖರ್ಚನ್ನು ಬರೆದು ಒಪ್ಪದ ಹೊರತು ಕೊಡುವುದಿಲ್ಲ. ಆಟೋಗೆ 200 ತೆತ್ತರೆ ಉಳಿಯುವುದು 140. ಪ್ರಯಾಣ, ಭೇಟಿ, ವರದಿ ಸೇರಿ ನಾಲ್ಕು ಗಂಟೆ ಹಿಡಿದರೆ ಗಂಟೆಗೆ 35 ರೂಪಾಯಿ! ಹಾಗಾಗಿ ನಡೆದು ಹೋಗುವಷ್ಟು ದೂರದ ಅಂಗಡಿ, ಇಲ್ಲವೇ ಒಂದೇ ರಸ್ತೆಯಲ್ಲಿ ಎರಡು ಮೂರು ಕೆಲಸ ಸಿಕ್ಕಾಗ ಮಾತ್ರ ಒಪ್ಪಿ. ನೀವು ಮಹಿಳೆಯಾದರೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ, ಅದು ಈ ಲೆಕ್ಕವನ್ನೇ ಬದಲಿಸುತ್ತದೆ. ಹಣ ಕೈಸೇರಲು ಒಂದೆರಡು ತಿಂಗಳೂ ಆಗಬಹುದು. ಇದು ಮೇಲುಖರ್ಚಿನ ದುಡ್ಡು, ಮನೆ ಬಾಡಿಗೆಗೆ ಇದನ್ನು ನಂಬಬೇಡಿ.

ಪ್ರಶ್ನೆ: ಎರಡು ಕೆಲಸ ಮಾಡಿದೆ. ಎರಡೂ ವರದಿ ತಿರಸ್ಕಾರವಾಗಿ ಬಿಲ್ ಹಣವೂ ಬರಲಿಲ್ಲ. ಎಲ್ಲಿ ಎಡವುತ್ತಿದ್ದೇನೆ?
– ಓದುಗರು, ಬನಶಂಕರಿ

ಉತ್ತರ: ನಮ್ಮ ಊರಿನಲ್ಲಿ ಸುಲಭವಾಗಿ ಆಗುವ ತಪ್ಪು, ಬೇರೆ ಶಾಖೆಗೆ ಹೋಗುವುದು. ಜಯನಗರ ಎಂದರೆ ಸಾಲದು. ಒಂದೇ ಬ್ರಾಂಡಿನ ಒಂದು ಅಂಗಡಿ ನಾಲ್ಕನೇ ಬ್ಲಾಕಿನಲ್ಲೂ ಇನ್ನೊಂದು ಹತ್ತಿರದ ಮಾಲ್‌ನಲ್ಲೂ ಇರಬಹುದು. ಬಿಲ್ಲಿನ ಮೇಲಿನ ವಿಳಾಸ, ಕೆಲಸದ ಪತ್ರದಲ್ಲಿರುವ ವಿಳಾಸ ಒಂದೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿ. ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಆಚೀಚೆಯಾದರೂ ವರದಿ ತಿರಸ್ಕಾರವಾಗಬಹುದು. ಬಿಲ್ ಕಾಗದದ ಅಕ್ಷರ ಬಿಸಿಲಿಗೆ, ಪರ್ಸಿನ ಶಾಖಕ್ಕೆ ಮಾಸುತ್ತದೆ, ಹೊರಬಂದ ಕೂಡಲೇ ನಾಲ್ಕೂ ಮೂಲೆ ಕಾಣುವಂತೆ ಫೋಟೊ ತೆಗೆಯಿರಿ. ಲೊಕೇಶನ್ ಕೇಳಿದ್ದರೆ ಮೊದಲೇ ಆನ್ ಮಾಡಿರಿ, ಮೂಲ ಫೋಟೊವನ್ನೇ ಏರಿಸಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿ ಇಳಿಸಿಕೊಂಡರೆ ಅದರಲ್ಲಿದ್ದ ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ.

ಅದಕ್ಕಿಂತ ದೊಡ್ಡದು ಬರವಣಿಗೆ. ‘ಸಿಬ್ಬಂದಿ ಉದಾಸೀನ ಮಾಡಿದರು’ ಎಂದರೆ ಏಜೆನ್ಸಿಗೆ ಉಪಯೋಗವಿಲ್ಲ, ಅದು ನಿಮ್ಮ ಅನಿಸಿಕೆ. ‘11:42ಕ್ಕೆ ಒಳಗೆ ಹೋದೆ. ಬಿಲ್ಲಿಂಗ್ ಬಳಿ ಇಬ್ಬರು ಮಾತಾಡುತ್ತಿದ್ದರು. 11:47ಕ್ಕೆ ನಾನೇ ಕರೆದ ಮೇಲೆ ಕನ್ನಡಕ ಹಾಕಿದ್ದ, ಸುಮಾರು ಐದೂವರೆ ಅಡಿ ಎತ್ತರದ ಯುವಕ ಬಂದರು. ಎದೆಯ ಮೇಲೆ ಹೆಸರಿನ ಬಿಲ್ಲೆ ಇರಲಿಲ್ಲ’ – ಇದು ವರದಿ. ಸಮಯವನ್ನು ಮರೆಯದಿರಲು ಯಾರಿಗೋ ಮೆಸೇಜ್ ಮಾಡುವವರಂತೆ ಫೋನಿನಲ್ಲೇ ಬರೆದುಕೊಳ್ಳಿ. ಕಾಗದ ಪೆನ್ನು ತೆಗೆದರೆ ಗುಟ್ಟು ರಟ್ಟು. ಬಹಳಷ್ಟು ಕಡೆ ವರದಿಗೆ 24 ಗಂಟೆಯ ಗಡುವಿರುತ್ತದೆ, ಅದೇ ದಿನ ಸಂಜೆಯೊಳಗೆ ಮುಗಿಸಿ. ನೋಡದ್ದನ್ನು ಊಹಿಸಿ ತುಂಬಲೇಬೇಡಿ. ನಿಮ್ಮ ಒಂದು ಸಾಲಿನ ಮೇಲೆ ಆ ಹುಡುಗನ ಇನ್ಸೆಂಟಿವ್ ನಿಂತಿರಬಹುದು.

ಪ್ರಶ್ನೆ: ಟೆಲಿಗ್ರಾಂನಲ್ಲಿ ಮಿಸ್ಟರಿ ಶಾಪರ್ ಕೆಲಸ ಎಂದು 150 ರೂಪಾಯಿ ಹಾಕಿದರು. ಈಗ 2,000 ಕಟ್ಟಿದರೆ 2,800 ಕೊಡುತ್ತಾರಂತೆ. ಕಟ್ಟಲೇ?
– ಓದುಗರು, ಯಲಹಂಕ

ಉತ್ತರ: ಬೇಡ. ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸಿ, ಆಮೇಲೆ ದೊಡ್ಡದನ್ನು ಕೀಳುವ ಮೋಸವಿದು. ನಿಜವಾದ ಏಜೆನ್ಸಿ ಅಂಗಡಿಯಲ್ಲಿ ಖರ್ಚು ಮಾಡಿಸುತ್ತದೆಯೇ ಹೊರತು ತನ್ನ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಈಗಾಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸಿದರೆ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಚಾಟ್, ಯುಪಿಐ ವಹಿವಾಟಿನ ಸಂಖ್ಯೆ ಎರಡನ್ನೂ ಅಳಿಸಬೇಡಿ, ದೂರು ಬರೆಯುವಾಗ ಅವೇ ಬೇಕಾಗುತ್ತವೆ.