ಯೀಸ್ಟಿನಿಂದ ಶ್ರೀಗಂಧದ ಪರಿಮಳ

ಪ್ರಶ್ನೆ: ಬ್ರೆಡ್ಡಿಗೆ ಹಾಕುವ ಯೀಸ್ಟಿನಿಂದಲೇ ಶ್ರೀಗಂಧದ ಪರಿಮಳ ತಯಾರಿಸಬಹುದೆಂದು ಓದಿದೆ. ಇದು ನಿಜವೇ? ಅದನ್ನು ಗಂಧದೆಣ್ಣೆ ಎನ್ನಬಹುದೇ? ಜಮೀನಿನಲ್ಲಿ ಶ್ರೀಗಂಧ ಬೆಳೆಸಿರುವ ನಮ್ಮಂಥವರಿಗೆ ಆತಂಕವಾಗಿದೆ.
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಜ. ಗಂಧದೆಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣ ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್‌ಗಳು. ಮರವು ಇವನ್ನು ತನ್ನ ಚೇಗಿನಲ್ಲಿ ವರ್ಷಗಟ್ಟಲೆ ಕೂಡಿಡುತ್ತದೆ. ಯೀಸ್ಟ್ ಇವನ್ನು ತಾನಾಗಿ ತಯಾರಿಸದಿದ್ದರೂ, ಸಕ್ಕರೆಯಿಂದ ತನ್ನ ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲನ್ನು ಸಿದ್ಧಪಡಿಸುವಾಗ ನಡುವೆ ಫಾರ್ನೆಸೈಲ್ ಪೈರೋಫಾಸ್ಫೇಟ್ ಎಂಬ ವಸ್ತುವನ್ನು ಉಂಟುಮಾಡುತ್ತದೆ. ಶ್ರೀಗಂಧದ ಮರವೂ ಸ್ಯಾಂಟಲಾಲನ್ನು ಕಟ್ಟುವುದು ಇದೇ ವಸ್ತುವಿನಿಂದ. ಇದನ್ನು ಸ್ಯಾಂಟಲೀನ್ ಆಗಿಸುವ ಕಿಣ್ವದ ಜೀನನ್ನು ಕೆನಡಾ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 2011ರಲ್ಲಿ ವಿವರಿಸಿದರು. ಸ್ಯಾಂಟಲೀನನ್ನು ಸ್ಯಾಂಟಲಾಲ್ ಆಗಿಸುವ ಕಿಣ್ವಗಳು 2013ರಲ್ಲಿ ಬೆಳಕಿಗೆ ಬಂದವು.

ಈ ಜೀನುಗಳನ್ನು ಯೀಸ್ಟಿಗೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎರ್ಗೋಸ್ಟೆರಾಲಿನತ್ತ ಹರಿಯುವ ಕಚ್ಚಾವಸ್ತುವನ್ನು ಪರಿಮಳದತ್ತ ತಿರುಗಿಸಬೇಕು. ಆದರೆ ಆ ದಾರಿಯನ್ನು ಪೂರ್ತಿ ಮುಚ್ಚಿದರೆ ಯೀಸ್ಟೇ ಬದುಕುವುದಿಲ್ಲವಾದ್ದರಿಂದ, ಅಲ್ಲಿನ ಕಿಣ್ವವನ್ನು ಹದವರಿತು ತಗ್ಗಿಸಬೇಕಾಗುತ್ತದೆ. ಸ್ಯಾಂಟಲೀನ್ ಗಾಳಿಗೆ ಹಾರಿಹೋಗುವಂಥದ್ದು. ಅದಕ್ಕಾಗಿ ಪ್ರಯೋಗಾಲಯಗಳಲ್ಲಿ ಹುದುಗುವ ದ್ರವದ ಮೇಲೆ ನೀರಿನಲ್ಲಿ ಬೆರೆಯದ ಡೋಡೆಕೇನ್ ಎಂಬ ಎಣ್ಣೆಯಂಥ ದ್ರವದ ಪದರವೊಂದನ್ನು ನಿಲ್ಲಿಸಿ ಅದರಲ್ಲಿ ಹಿಡಿದಿಡುತ್ತಾರೆ. ಅಂದ ಹಾಗೆ, 2020ರಲ್ಲಿ ಮಾರುಕಟ್ಟೆಗೆ ಬಂದ ‘ಐಸೋಬಯೋನಿಕ್ಸ್ ಸ್ಯಾಂಟಲಾಲ್’ ಎಂಬ ಉತ್ಪನ್ನವನ್ನು ತಯಾರಿಸುವುದು ಯೀಸ್ಟ್ ಅಲ್ಲ, ರೋಡೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಇದನ್ನು ಗಂಧದೆಣ್ಣೆ ಎನ್ನಬಾರದು. ಅಂತರರಾಷ್ಟ್ರೀಯ ಮಾನಕದಂತೆ ನಮ್ಮ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ಉಳಿದ ಭಾಗದಲ್ಲಿ ಲ್ಯಾನ್ಸಿಯಾಲ್, ಬರ್ಗಮೋಟಾಲ್ ಮುಂತಾದ ಹಲವು ಸಂಯುಕ್ತಗಳಿದ್ದು, ಎಣ್ಣೆಯ ಗುಣಕ್ಕೆ ಅವೂ ಕಾರಣ. ಸಾಬೂನು, ಅಗ್ಗದ ಸುಗಂಧಗಳಿಗೆ ಯೀಸ್ಟಿನ ಸ್ಯಾಂಟಲಾಲ್ ಬಳಕೆಯಾದರೆ ಕಾಡಿನ ಮರಗಳ ಮೇಲಿನ ಒತ್ತಡ ತಗ್ಗೀತೆಂದು ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಅದನ್ನು ಅದರದೇ ಹೆಸರಿನಲ್ಲಿ ಮಾರಬೇಕು. ಬೆಳೆಗಾರರು ಚಿಂತಿಸಬೇಕಾದದ್ದು ಕಲಬೆರಕೆಯ ಬಗ್ಗೆ. ಅದನ್ನು ಪತ್ತೆಹಚ್ಚಲು ದಾರಿಯಿದೆ: ಕಬ್ಬು ಮತ್ತು ಮೆಕ್ಕೆಜೋಳದ ಸಕ್ಕರೆಯಲ್ಲಿ ಕಾರ್ಬನ್-13ರ (ಇಂಗಾಲದ ತುಸು ಭಾರವಾದ ರೂಪ) ಪ್ರಮಾಣ ಶ್ರೀಗಂಧದಂಥ ಮರಗಳಲ್ಲಿರುವುದಕ್ಕಿಂತ ತುಸು ಹೆಚ್ಚು, ಆ ವ್ಯತ್ಯಾಸ ಅದರಿಂದ ತಯಾರಾದ ಸ್ಯಾಂಟಲಾಲಿನಲ್ಲೂ ಉಳಿಯುತ್ತದೆ. ಬೀಟ್ ಸಕ್ಕರೆ ಬಳಸಿದ್ದರೆ ಮಾತ್ರ ಈ ಪರೀಕ್ಷೆ ಸಾಲದು, ಏಕೆಂದರೆ ಅದರಲ್ಲಿ ಕಾರ್ಬನ್-13ರ ಪ್ರಮಾಣ ಮರಗಳಲ್ಲಿರುವಂತೆಯೇ ಇರುತ್ತದೆ. ಆಗ ಎಣ್ಣೆಯ ಸಣ್ಣಪುಟ್ಟ ಘಟಕಗಳನ್ನೂ ಗ್ಯಾಸ್ ಕ್ರೊಮ್ಯಾಟೋಗ್ರಫಿ ಎಂಬ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನದಲ್ಲಿ ನೋಡಬೇಕಾಗುತ್ತದೆ.