ಕೋಲ್‌ಬರ್ಗ್ ಹೇಳಿದ ನೈತಿಕ ಹಂತಗಳು ಆನ್‌ಲೈನ್ ನಡವಳಿಕೆಗೂ ಹೊಂದುತ್ತವಾ?

ತಕ್ಕಮಟ್ಟಿಗೆ ಹೊಂದ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1958ರ ಪಿಎಚ್‌ಡಿ ಪ್ರಬಂಧದಿಂದ ಶುರು ಮಾಡಿ ಬೆಳೆಸಿದ ಲೆಕ್ಕದಲ್ಲಿ, ಜನ ಸರಿ-ತಪ್ಪು ತೀರ್ಮಾನಿಸೋ ರೀತಿಗೆ ಮೂರು ಮಟ್ಟ, ಒಟ್ಟು ಆರು ಹಂತ. ಈಗ ಫ್ರೆಂಡ್ ಫೋನ್ ಲಾಕ್ ಇಲ್ದೆ ಟೇಬಲ್ ಮೇಲಿದೆ, ಮೆಸೇಜ್ ಬರ್ತಾನೇ ಇದೆ ಅಂದ್ಕೊಳ್ಳಿ. ಸಿಕ್ಕಿಬಿದ್ರೆ ಕಷ್ಟ ಅಂತ ಓದದೆ ಇದ್ರೆ ಅದು ಮೊದಲನೇ ಮಟ್ಟ, ನೋಡಿದೋರು ಏನಂದ್ಕೋತಾರೋ ಅಂತ ಸುಮ್ನಿದ್ರೆ ಎರಡನೇದು, ಯಾರೂ ನೋಡದೇ ಇದ್ರೂ ಖಾಸಗಿತನ ಅವ್ನ ಹಕ್ಕು ಅಂತ ಫೋನ್ ಮಗುಚಿ ಇಟ್ರೆ ಮೂರನೇದು. ಮಾಡಿದ ಕೆಲ್ಸ ಒಂದೇ, ಕೋಲ್‌ಬರ್ಗ್ ಅಳೆದಿದ್ದು ಕಾರಣಾನ.

ಫೇಕ್ ಅಕೌಂಟಲ್ಲಿ ಮೊದಲೆರಡು ಕಾರಣ ಮಾಯ ಆಗ್ಬಿಡ್ತವೆ, ಅದಕ್ಕೇ ಎದುರಿಗೆ ಮೆತ್ತಗಿರೋರೂ ಅಲ್ಲಿ ಬಾಯಿಗೆ ಬಂದಂಗೆ ಬೈತಾರೆ ಅಂತ ನನ್ನ ಅನಿಸಿಕೆ. 1982ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲ್ಲಿಗನ್ ತಕರಾರು ತೆಗೆದ್ರು, ಇದೆಲ್ಲಾ ಬರೀ ನ್ಯಾಯ-ಹಕ್ಕಿನ ಲೆಕ್ಕ, ಕಾಳಜಿಗೆ ಜಾಗ ಎಲ್ಲಿ ಅಂತ (ಕೋಲ್‌ಬರ್ಗ್ ಮಾಡಿದ ಮೊದಲ ಅಧ್ಯಯನದಲ್ಲಿ ಇದ್ದೋರೆಲ್ಲ ಹುಡುಗ್ರೇ!).