ಡಿ ಡ್ರೈವ್‌ಗೆ ಹಾಕಿದ್ದು ಬ್ಯಾಕಪ್ ಅಲ್ಲ, ಮೊದಲು ಅದನ್ನು ಸರಿಮಾಡಿ

ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನ ಬಗೆಗಳಾದ ಉಬುಂಟು, ಮಿಂಟ್, ಫೆಡೋರಾ, ಕಾಲಿ ಇವುಗಳಲ್ಲಿ ಹೊಸಬರಿಗೆ ಯಾವುದು ಒಳ್ಳೆಯದು, ವಿಂಡೋಸ್ 10 ಜೊತೆಗೇ ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರ್‌ನಲ್ಲಿ ಎರಡನ್ನೂ ಇಟ್ಟುಕೊಳ್ಳುವುದು) ಮಾಡಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಪ್ರಶ್ನೆಯ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಲ್ಲ, "ಅಕ್ಕನ ನುಡಿ ಫೈಲ್‌ಗಳನ್ನೆಲ್ಲ ಡಿ ಡ್ರೈವ್‌ಗೆ ಕಾಪಿ ಮಾಡಿದ್ದೇನೆ, ಆ ಚಿಂತೆ ಇಲ್ಲ" ಅಂತ. ಜಮಖಂಡಿಯಲ್ಲಿ ಕೂತು ನೀವು ಬರೆದ ಆ ಮಾತನ್ನೇ ನಾನು 2014ರಲ್ಲಿ ವಿಜಯಪುರದಲ್ಲಿ ನಮ್ಮ ಕಾಕಾನ ಮುಂದೆ ಹೇಳಿದ್ದೆ.

ಆಗಲೂ ಕಾರಣ ಇದೇ. ಈಗ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತಲ್ಲ, ಹಾಗೇ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ನಿಂತಿತ್ತು. ನಮ್ಮ ಮನೆಯಲ್ಲಿ ಎಕ್ಸ್‌ಪಿ ಇದ್ದ ಅಸೆಂಬಲ್ಡ್ ಕಂಪ್ಯೂಟರ್ ಇತ್ತು. ಅದೇ ತಿಂಗಳು ಉಬುಂಟು 14.04 ಬಿಡುಗಡೆಯಾಯಿತು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಗೆಳೆಯ ಅದನ್ನು ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಬಂದ. "ವೈರಸ್ ಬರೋದಿಲ್ಲ, ದುಡ್ಡು ಕೊಡಬೇಕಿಲ್ಲ" ಅಂದ. ನನಗೆ ಅಷ್ಟು ಸಾಕಾಯಿತು.

ಆ ಕಂಪ್ಯೂಟರ್‌ನಲ್ಲಿ ನನ್ನ ಹಾಡು, ಸಿನಿಮಾ ಬಿಟ್ಟರೆ ಇದ್ದದ್ದು ಕಾಕಾನ ಲೆಕ್ಕ. ಕಾಕಾನದು ತಿಕೋಟಾ ಕಡೆ ದ್ರಾಕ್ಷಿ ತೋಟ. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಏಪ್ರಿಲ್ ಅಂದರೆ ಮಣೂಕದ (ಒಣದ್ರಾಕ್ಷಿಯ) ಕೆಲಸ ಮುಗಿಯುವ ಹೊತ್ತು. ಶೆಡ್‌ನಲ್ಲಿ ಒಣಗಿದ ಮಾಲು ಬಾಕ್ಸ್ ತುಂಬಿ ಕೋಲ್ಡ್ ಸ್ಟೋರೇಜ್‌ಗೆ ಹೋಗುತ್ತದೆ. ಯಾವ ಸ್ಟೋರೇಜ್‌ನಲ್ಲಿ ಎಷ್ಟು ಬಾಕ್ಸ್, ಸಾಂಗ್ಲಿ, ತಾಸಗಾಂವ್ ಕಡೆ ಯಾರಿಗೆ ಎಷ್ಟು ಮಾಲು ಹೋಗಿದೆ, ಹಿಂದಿನ ವರ್ಷದ ಉದ್ರಿ ಯಾರಿಂದ ಬರಬೇಕು, ಎಲ್ಲವೂ ಒಂದು ಎಕ್ಸೆಲ್ ಫೈಲ್‌ನಲ್ಲಿ. ಕಾಕಾ ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಅದಕ್ಕೂ ಮುಂಚೆ ಅವರು ವಹಿ, ಅಂದರೆ ಲೆಕ್ಕದ ಪುಸ್ತಕ, ಇಡುತ್ತಿದ್ದರು. ಕಂಪ್ಯೂಟರ್ ಇರುವಾಗ ವಹಿ ಯಾಕೆ ಅಂತ ಅದನ್ನು ಬಿಡಿಸಿದವನೂ ನಾನೇ.

"ಕಾಕಾ, ಲೆಕ್ಕಾ ಎಲ್ಲಾ ಡಿ ಡ್ರೈವ್‌ನ್ಯಾಗ ಹಾಕೇನಿ. ಏನೂ ಆಗಂಗಿಲ್ಲ."

"ಆತು, ಮಾಡು."

ನಾನು ಯಾಕೆ ಅಷ್ಟು ಧೈರ್ಯದಿಂದ ಹೇಳಿದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಧೈರ್ಯವೂ ಅಲ್ಲಿಂದಲೇ ಬಂದಿದೆ ಅಂತ ನನ್ನ ಊಹೆ. ನಮ್ಮ ಕಡೆ ಕಂಪ್ಯೂಟರ್ ಕೊಂಡರೆ ಅಂಗಡಿಯವರೇ ಸಿ, ಡಿ, ಇ ಅಂತ ಭಾಗ ಮಾಡಿ ಕೊಡುತ್ತಾರೆ. ವೈರಸ್ ಬಂದರೆ ಸಿಪಿಯು ಹೊತ್ತುಕೊಂಡು ಮತ್ತೆ ಅದೇ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, "ಡೆಸ್ಕ್‌ಟಾಪ್ ಮ್ಯಾಲ ಏನರ ಅದ ಏನು? ಇದ್ದರ ಡಿಗೆ ಹಾಕ್ತೀನಿ." ಆಮೇಲೆ ಫಾರ್ಮ್ಯಾಟ್ ಮಾಡುತ್ತಾರೆ. ವಿಂಡೋಸ್ ಇನ್‌ಸ್ಟಾಲರ್ ಯಾವ ಭಾಗಕ್ಕೆ ಹಾಕಲಿ ಅಂತ ಕೇಳುತ್ತದೆ, ಅವರು ಸಿ ಒಂದನ್ನೇ ಅಳಿಸುತ್ತಾರೆ. ಡಿ ಇದ್ದ ಹಾಗೇ ಇರುತ್ತದೆ. ಪ್ರತಿ ಸಲವೂ ಹೀಗೇ ಆದಾಗ ತಲೆಯಲ್ಲಿ ಏನು ಕೂರುತ್ತದೆ? ಫಾರ್ಮ್ಯಾಟ್ ಅಂದರೆ ಸಿ ಹೋಗುವುದು, ಡಿ ಅಂದರೆ ಬ್ಯಾಂಕ್ ಲಾಕರ್ ಅಂತ.

ಉಬುಂಟು ಇನ್‌ಸ್ಟಾಲರ್ ಬೇರೆಯೇ ರೀತಿಯಲ್ಲಿ ಕೇಳಿತು. ವಿಂಡೋಸ್ ಪಕ್ಕದಲ್ಲಿ ಹಾಕಲಾ, ವಿಂಡೋಸ್ ತೆಗೆದು ಅದರ ಜಾಗದಲ್ಲಿ ಹಾಕಲಾ, ಅಥವಾ ನೀವೇ ಭಾಗ ಆರಿಸುತ್ತೀರಾ, ಇಷ್ಟು. ನಾನು ಎರಡನೆಯದನ್ನು ಆರಿಸಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆಯೂ ಇತ್ತು, ಡಾಕ್ಯುಮೆಂಟ್, ಫೋಟೋ, ಹಾಡು ಎಲ್ಲ ಅಳಿಸಿಹೋಗುತ್ತವೆ ಅಂತ. ನಾನು ಅದನ್ನು ಓದಿದೆ ಕೂಡ. ಓದಿ ಏನಂದುಕೊಂಡೆ ಅಂದರೆ, ವಿಂಡೋಸ್ ಇರುವುದು ಸಿಯಲ್ಲಿ, ಹಾಗಾದರೆ ಹೋಗುವುದು ಸಿಯಲ್ಲಿರುವ 'ಮೈ ಡಾಕ್ಯುಮೆಂಟ್ಸ್'. ಅದು ಖಾಲಿ ಇದೆ. ಹೋಗಲಿ ಬಿಡು.

ಸಿ, ಡಿ ಅನ್ನುವುದು ವಿಂಡೋಸ್ ಇಟ್ಟುಕೊಂಡ ಹೆಸರು. ಲಿನಕ್ಸ್‌ಗೆ ಆ ಹೆಸರುಗಳ ಗೊಡವೆಯೇ ಇಲ್ಲ. ಅದಕ್ಕೆ ಕಾಣುವುದು ಎಸ್‌ಡಿಎ ಅನ್ನುವ ಒಂದು ಡಿಸ್ಕ್, ಅದರೊಳಗೆ ಎಸ್‌ಡಿಎ1, ಎಸ್‌ಡಿಎ5 ಅಂತ ಭಾಗಗಳು. ಸರ್ವೆ ನಂಬರ್ ಒಂದೇ, ನಡುವೆ ಒಡ್ಡು ಹಾಕಿ ಎರಡು ಹೊಲ ಅಂತ ಕರೆದುಕೊಂಡಿದ್ದೇವೆ ಅಷ್ಟೇ. ನಾನು ಆರಿಸಿದ ಆಯ್ಕೆ ಒಡ್ಡಿನ ಈ ಕಡೆ, ಆ ಕಡೆ ಅಂತ ನೋಡಲಿಲ್ಲ. ಹಳೆಯ ಭಾಗಗಳ ಪಟ್ಟಿಯನ್ನೇ ತೆಗೆದು ಹೊಸದು ಬರೆಯಿತು. ಮತ್ತೆ, ಡಿಸ್ಕ್ ಸುಟ್ಟರೆ ಸಿಯೂ ಹೋಗುತ್ತದೆ, ಡಿಯೂ ಹೋಗುತ್ತದೆ. ಲ್ಯಾಪ್‌ಟಾಪ್ ಕಳವಾದರೂ ಅಷ್ಟೇ. ಹಾಗಾಗಿ ಡಿಗೆ ಕಾಪಿ ಮಾಡಿದ್ದನ್ನು ಬ್ಯಾಕಪ್ ಅಂತ ಕರೆಯುವುದೇ ತಪ್ಪು. ಲಿನಕ್ಸ್ ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು.

ಉಬುಂಟು ಬಂತು. ನೇರಳೆ ಬಣ್ಣದ ಪರದೆ, ಎಡಗಡೆ ಐಕಾನ್‌ಗಳ ಸಾಲು. ಬಹಳ ಖುಷಿಯಾಯಿತು. ಅವತ್ತು ಡಿ ಡ್ರೈವ್ ಹುಡುಕಲೇ ಇಲ್ಲ ನೋಡಿ. ಅಪ್‌ಡೇಟ್ ಕೊಟ್ಟೆ, ವಿಎಲ್‌ಸಿ ಹಾಕಿದೆ, ಗೆಳೆಯನ ಪೆನ್ ಡ್ರೈವ್‌ನಿಂದ ಸಿನಿಮಾಗಳನ್ನು ಕಾಪಿ ಮಾಡಿಕೊಂಡೆ. ಕಾಕಾ ಸ್ಟೋರೇಜ್‌ನ ಪಾವತಿ ಹಿಡಿದುಕೊಂಡು ಬಂದು "ಹಚ್ಚು, ಇದನ್ನ ಬರಿ" ಅಂದಾಗಲೇ ಹುಡುಕಲು ಹೋದದ್ದು. ಡಿ ಎಲ್ಲೂ ಇಲ್ಲ.

"ಲೆಕ್ಕಾ ಎಲ್ಲಿ ಅದ ತಮ್ಮಾ?"

ನಾನು ಹುಡುಕುತ್ತಿದ್ದೇನೆ ಅಂದೆ. ಅವರು ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಗೊತ್ತಿರುವುದು ಅವತ್ತು ಗೊತ್ತಿದ್ದರೆ ಆ ಕ್ಷಣವೇ ಪವರ್ ಆಫ್ ಮಾಡುತ್ತಿದ್ದೆ. ಭಾಗಗಳ ಪಟ್ಟಿ ಹೋದರೂ ಹಳೆಯ ಫೈಲ್‌ಗಳು ಡಿಸ್ಕ್ ಮೇಲೆ ಇರುತ್ತವೆ, ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೆ. ಹೊಸ ಫಾರ್ಮ್ಯಾಟ್ ಡಿಸ್ಕ್‌ನ ಉದ್ದಕ್ಕೂ ಅಲ್ಲಲ್ಲಿ ತನ್ನ ಪಟ್ಟಿಗಳನ್ನು ಬರೆದುಕೊಳ್ಳುತ್ತದೆ, ಅದು ಒಂದಿಷ್ಟು ತಿಂದಿತ್ತು. ಮಿಕ್ಕಿದ್ದರ ಮೇಲೆ ನಾನು ಸಿನಿಮಾ ಸುರಿದಿದ್ದೆ. ಟೆಸ್ಟ್‌ಡಿಸ್ಕ್ ಅನ್ನುವ ಪ್ರೋಗ್ರಾಂ ಕಳೆದುಹೋದ ಭಾಗವನ್ನು ಹುಡುಕಿ ಕೊಡುತ್ತದೆ. ನನಗೆ ಅದು ಕೊಡಲಿಲ್ಲ. ಅದರ ಜೊತೆಗೇ ಬರುವ ಫೋಟೋರೆಕ್ ಹೆಸರಿಗೆ ಫೋಟೋ, ಆದರೆ ಎಲ್ಲ ಬಗೆಯ ಫೈಲ್‌ಗಳನ್ನೂ ಎತ್ತುತ್ತದೆ. ಅದು ರಾತ್ರಿಯೆಲ್ಲ ಓಡಿತು. ಎತ್ತಿಕೊಟ್ಟದ್ದಕ್ಕೆ ಹೆಸರು ಮಾತ್ರ ಇಲ್ಲ, ಎಫ್ ಅಕ್ಷರ, ಅದರ ಮುಂದೆ ಉದ್ದದ ಸಂಖ್ಯೆ. ಫೋಲ್ಡರ್ ತುಂಬ ಇಂಥವೇ. ಒಂದೊಂದೇ ತೆರೆದು ನೋಡಬೇಕು. ನನ್ನ ಕಾಲೇಜಿನ ಅಸೈನ್‌ಮೆಂಟ್, ಯಾರದೋ ರೆಸ್ಯೂಮ್, ಅರ್ಧ ಹಾಡು. ಕೊನೆಗೆ ಕಾಕಾನ ಲೆಕ್ಕದ ಒಂದು ಹಳೆಯ ಪ್ರತಿ ಸಿಕ್ಕಿತು. ಆ ವರ್ಷದ್ದು ಸಿಗಲಿಲ್ಲ.

ಸ್ಟೋರೇಜ್‌ನ ಪಾವತಿಗಳಿಂದ ಬಾಕ್ಸ್ ಲೆಕ್ಕ ಮತ್ತೆ ಕಟ್ಟಿದೆವು. ಉದ್ರಿಗೆ ಪಾವತಿ ಎಲ್ಲಿರುತ್ತದೆ? ನೆನಪಿನ ಮೇಲೆ ಬರೆದೆವು. ಹೆಚ್ಚಿನವರು ಒಪ್ಪಿ ಕೊಟ್ಟರು, ಒಬ್ಬ ವ್ಯಾಪಾರಿ "ಅಷ್ಟಿರಲಿಲ್ಲ" ಅಂದ. ಕಾಕಾ ಅವನು ಹೇಳಿದಷ್ಟನ್ನೇ ತೆಗೆದುಕೊಂಡು ಬಂದರು. ಮುಂದಿನ ಹಂಗಾಮಿನಿಂದ ವಹಿ ಮತ್ತೆ ಶುರುವಾಯಿತು, ಈಗಲೂ ಇದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕ್) ಇದ್ದರೆ ನನಗೆ ಸಿಕ್ಕ ಆ ಹಳೆಯ ಪ್ರತಿಯೂ ನಿಮಗೆ ಸಿಗುವುದು ಕಷ್ಟ. ಫಾರ್ಮ್ಯಾಟ್ ಮಾಡುವಾಗಲೇ ಇನ್‌ಸ್ಟಾಲರ್ 'ಈ ಜಾಗ ಇನ್ನು ಖಾಲಿ' ಅಂತ ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ, ಎಸ್‌ಎಸ್‌ಡಿ ಒಳಗಿಂದೊಳಗೇ ಒರೆಸಿಕೊಂಡುಬಿಡುತ್ತದೆ. ಅದಕ್ಕೇ ಇವತ್ತೇ ಒಂದು ಬೇರೆ ಡಿಸ್ಕ್‌ಗೆ ಅಕ್ಕನ ಫೈಲ್‌ಗಳನ್ನು ಹಾಕಿ, ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಆಮೇಲೆ ಕಿತ್ತು ಕಪಾಟಿನಲ್ಲಿಡಿ. ಕಿತ್ತಿಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಚುಚ್ಚಿಯೇ ಬಿಟ್ಟರೆ ಇನ್‌ಸ್ಟಾಲರ್‌ನ ಪಟ್ಟಿಯಲ್ಲಿ ಅದೂ ಕಾಣುತ್ತದೆ. ಬೂಟ್‌ಗೆ ಮಾಡುವ ಪೆನ್ ಡ್ರೈವ್ ಬೇರೆ ಇರಲಿ. ಅದನ್ನು ತಯಾರಿಸುವ ರೂಫಸ್ ಪ್ರೋಗ್ರಾಂ ಅದರಲ್ಲಿದ್ದದ್ದನ್ನೆಲ್ಲ ಅಳಿಸಿಯೇ ಬರೆಯುವುದು.

ಇನ್ನು ಡಿಸ್ಟ್ರೋ, ಅಂದರೆ ಯಾವ ಬಗೆಯ ಲಿನಕ್ಸ್ ಅನ್ನುವುದು. ನೇರವಾಗಿ ಹೇಳಿಬಿಡುತ್ತೇನೆ, ಇದು ನೀವು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆಯೇ ಅಲ್ಲ. ಲಿನಕ್ಸ್ ಮಿಂಟ್, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವುದು. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, ಆರಾಮವಾಗಿ ಓಡಲು 4 ಇರಲಿ ಅನ್ನುತ್ತಾರೆ. ನಿಮ್ಮ ಹತ್ತಿರ 4 ಇದೆ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಫೆಡೋರಾ ಒಳ್ಳೆಯದೇ, ಆದರೆ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲ, ನಿಮಗೆ ಯಾಕೆ ಆ ಓಡಾಟ? ಕಾಲಿ ಮಾತ್ರ ಬೇಡವೇ ಬೇಡ. ಅದು ನೆಟ್‌ವರ್ಕ್ ಭದ್ರತೆ ಪರೀಕ್ಷಿಸುವವರ ಸಾಮಾನು. ಲಿನಕ್ಸ್ ಪರಿಚಯವಿಲ್ಲದವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ ಅಂತ ಕಾಲಿಯವರೇ ತಮ್ಮ ಸೈಟ್‌ನಲ್ಲಿ ಬರೆದಿದ್ದಾರೆ. ಹಾಸ್ಟೆಲ್‌ನಲ್ಲಿ ಕಾಲಿಯ ಡ್ರ್ಯಾಗನ್ ವಾಲ್‌ಪೇಪರ್ ತೋರಿಸಲು ಬೇಕಿದ್ದರೆ ವಾಲ್‌ಪೇಪರ್ ಒಂದನ್ನೇ ಡೌನ್‌ಲೋಡ್ ಮಾಡಿಕೊಳ್ಳಿ.

ಡ್ಯುಯಲ್ ಬೂಟ್ ಅಂದರೆ ಸುರಕ್ಷಿತವಾದ ನಡುದಾರಿ ಅಂತ ನೀವು ಅಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಒಂದೇ ಡಿಸ್ಕ್ ಇರುವ, ಮನೆಯವರ ಕೆಲಸ ನಡೆಯುವ ಲ್ಯಾಪ್‌ಟಾಪ್‌ನಲ್ಲಿ ಹೊಸಬರು ಮಾಡಬಹುದಾದ ಅತಿ ಅಪಾಯದ ಕೆಲಸ ಅದೇ. ಭಾಗ ಕುಗ್ಗಿಸಬೇಕು, ಕಂಪ್ಯೂಟರ್ ಆನ್ ಆದಾಗ ವಿಂಡೋಸನ್ನೋ ಲಿನಕ್ಸನ್ನೋ ಶುರು ಮಾಡುವ ಬೂಟ್‌ಲೋಡರ್ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮುಚ್ಚುವುದಿಲ್ಲ, ಆ ಕಡೆಯ ಫೈಲ್‌ಗಳನ್ನು ಲಿನಕ್ಸ್‌ನಲ್ಲಿ ಓದಬಹುದಷ್ಟೇ, ಬರೆಯಲಾಗದು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ನಲ್ಲಿ) ಸೆಕ್ಯೂರ್ ಬೂಟ್ ಅನ್ನುವ ಆಯ್ಕೆ ಮುಟ್ಟಿದ ತಕ್ಷಣ 48 ಅಂಕಿಯ ರಿಕವರಿ ಕೀ ಕೇಳುತ್ತ ನಿಲ್ಲಬಹುದು. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್‌ನಿಂದ ಡ್ಯುಯಲ್ ಬೂಟ್ ಮಾಡಿಕೊಂಡ ಎಷ್ಟೋ ಜನರ ಲಿನಕ್ಸ್ ಬೂಟ್ ಆಗುವುದೇ ನಿಂತಿತ್ತು. ಇಷ್ಟೆಲ್ಲ ದಾಟಿದರೂ ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆಮುಂದೆ ಆಗಿರುತ್ತದೆ, ಯಾಕೆಂದರೆ ಒಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ. ಇದು ಸರಿಪಡಿಸಬಹುದಾದ ಸಣ್ಣ ವಿಷಯ, ಆದರೆ ಅಕ್ಕ ಮೊದಲು ಬೈಯುವುದು ಇದಕ್ಕೇ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಮಿಂಟ್ ಅನ್ನು ಪೆನ್ ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ನೋಡುವುದು. ಅದಕ್ಕೆ ಡಿಸ್ಕ್ ಮುಟ್ಟಬೇಕಿಲ್ಲ. ವೈಫೈ ಹಿಡಿಯುತ್ತದಾ, ಸೌಂಡ್ ಬರುತ್ತದಾ, ಪರದೆಯ ಬೆಳಕು ಕಡಿಮೆ ಮಾಡಲು ಬರುತ್ತದಾ, ಪ್ರಿಂಟರ್ ಓಡುತ್ತದಾ ಎಲ್ಲ ಅಲ್ಲೇ ಗೊತ್ತಾಗುತ್ತದೆ. ವೈಫೈ ಬರದಿದ್ದರೆ ಗಾಬರಿ ಬೇಡ. ಮೊಬೈಲ್ ಅನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ, ಆಮೇಲೆ ಡ್ರೈವರ್ ಹಾಕಿಕೊಳ್ಳಬಹುದು. ಪೆನ್ ಡ್ರೈವ್‌ನಲ್ಲಿ ನಿಧಾನ ಅನ್ನಿಸುತ್ತದೆ, ಅದು ಮಿಂಟ್‌ನ ತಪ್ಪಲ್ಲ.

ಹಿಡಿಸಿದರೆ ಒಂದು ಹೊಸ ಎಸ್‌ಎಸ್‌ಡಿ ಕೊಳ್ಳಿ. ಚಿಕ್ಕದೇ ಸಾಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಸ್ಕ್ರೂ ಬಿಚ್ಚಿದರೆ ಹಾರ್ಡ್ ಡಿಸ್ಕ್ ಸಿಗುತ್ತದೆ, ಗೊತ್ತಾಗದಿದ್ದರೆ ರಿಪೇರಿ ಅಂಗಡಿಯಲ್ಲಿ ಬದಲಿಸಿಕೊಡುತ್ತಾರೆ. ಹಳೆಯ ಡಿಸ್ಕ್ ಅನ್ನು ಹಾಗೇ ಹೊರತೆಗೆದು, ವಿಂಡೋಸ್ ಸಮೇತ ಇಟ್ಟುಕೊಳ್ಳಿ. ಹೊಸ ಎಸ್‌ಎಸ್‌ಡಿ ಒಂದೇ ಒಳಗಿರುವಾಗ ಇನ್‌ಸ್ಟಾಲರ್‌ನಲ್ಲಿ ಪೂರ್ತಿ ಡಿಸ್ಕ್ ಅಳಿಸು ಅಂತ ಧೈರ್ಯವಾಗಿ ಒತ್ತಿ, ಅಳಿಸಲು ಅಲ್ಲಿ ಏನೂ ಇರುವುದಿಲ್ಲ. ಬೇಡ ಅನ್ನಿಸಿದರೆ ಹಳೆಯ ಡಿಸ್ಕ್ ಮತ್ತೆ ಹಾಕಿದರೆ ಮೊದಲಿನ ಹಾಗೇ. ದುಡ್ಡು ಖರ್ಚಾಗುತ್ತದೆ, ಒಪ್ಪುತ್ತೇನೆ. ಅದು ಆಗದಿದ್ದರೆ ಲೈವ್‌ನಲ್ಲೇ ಇನ್ನಷ್ಟು ದಿನ ಕಳೆಯಿರಿ, ಡಿಸ್ಕ್ ಮುಟ್ಟಬೇಡಿ.

ಅಕ್ಕನ ವಿಷಯ ಬೇರೆ. ಕನ್ನಡ ಟೈಪ್ ಮಾಡುವ ನುಡಿ ಪ್ರೋಗ್ರಾಂ ವಿಂಡೋಸ್‌ಗೆ ಮಾಡಿದ್ದು. ಕೀಲಿಮಣೆ ಮಾತ್ರ ಮಿಂಟ್‌ನಲ್ಲೂ ಸಿಗುತ್ತದೆ. ಐಬಸ್ ಅನ್ನುವ ಟೈಪಿಂಗ್ ಸೌಲಭ್ಯದಲ್ಲಿ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಬರುತ್ತದೆ, ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಜೋಡಣೆ. ಆದರೆ ಹಳೆಯ ನುಡಿ ಫೈಲ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದಿದ್ದರೆ, ಆ ಫಾಂಟ್ ಇಲ್ಲದೆ ತೆರೆದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿತು ಅಂತ ಹೆದರಿ ಅಳಿಸಬೇಡಿ, ಫಾಂಟ್ ಹಾಕಿದರೆ ಓದಬಹುದು. ಅಕ್ಕ ಕೆಲಸ ಮಾಡುವಲ್ಲಿ ಹಳೆಯ ನುಡಿ ಫಾಂಟ್‌ನಲ್ಲೇ ಕಳಿಸಿ ಅಂತ ಕೇಳುತ್ತಾರಾ, ಯೂನಿಕೋಡ್ ನಡೆಯುತ್ತದಾ ಅಂತ ಮೊದಲು ಅವರನ್ನೇ ಕೇಳಿ. ಹಳೆಯದೇ ಬೇಕು ಅಂದರೆ ಈ ಲ್ಯಾಪ್‌ಟಾಪ್ ಅವರಿಗೇ ಇರಲಿ, ನೀವು ಮಿಂಟ್ ಹಾಕಲು ಬೇರೆ ಯಾವುದಾದರೂ ಹಳೆಯ ಕಂಪ್ಯೂಟರ್ ನೋಡಿಕೊಳ್ಳಿ.